ಅಪ್ಪ ‘ತಾವು’ ಅಂದ ಮೇಲೆ

ಅಫಜಲಪುರ
27 ಅಕ್ಟೋಬರ್ 2025

ಜೀನತ,

ಲಕೋಟೆ ನೋಡಿದ ಕೂಡಲೇ ನಕ್ಕಿರುತ್ತೀ, ಈಗಿನ ಕಾಲದಲ್ಲಿ ಟಪಾಲು ಬರೆಯುವ ಹುಚ್ಚಿ ಇವಳೊಬ್ಬಳೇ ಅಂತ. ನಗು. ಆದರೆ ಇದನ್ನು ಅಂಗಡಿಯಲ್ಲಿ ಕುಳಿತು ಓದಬೇಡ, ಮನೆಗೆ ಒಯ್ದು ಓದು. ನಿನ್ನ ಆನ್‌ಲೈನ್ ಸೆಂಟರಿನ ಕಂಪ್ಯೂಟರಿನಲ್ಲಿ ವಾಟ್ಸಪ್ಪು ದಿನವಿಡೀ ತೆರೆದೇ ಇರುತ್ತದೆ. ಆ ಅಂಗಡಿಯ ಜಾಗ ನಮ್ಮಣ್ಣ ಮಹೇಶಕುಮಾರನದು, ಸಂಜೆಯಾದರೆ ಅವನು ನಿನ್ನ ಬಾಜೂಕೇ ಕುರ್ಚಿ ಹಾಕಿಕೊಂಡು ಕೂಡುತ್ತಾನೆ. ಅವನ ಕಣ್ಣಿಗೆ ಬೀಳುವ ಜಾಗದಲ್ಲಿ ನಾನು ಏನನ್ನೂ ಬರೆಯುವುದಿಲ್ಲ. ಫೋನು ಮಾಡಿದರೂ ನಿನ್ನ ಸುತ್ತ ಅರ್ಧ ಇಜೇರಿ ಊರೇ ನಿಂತಿರುತ್ತದೆ.

ನನಗೆ ಒಂದೇ ವಿಷಯ ತಿಳಿಯಬೇಕು. ಅಪ್ಪನ ಫೋನಿನಿಂದ ನನಗೆ ಬರುತ್ತಿರುವ ಸಂದೇಶಗಳನ್ನು ಬರೆಯುತ್ತಿರುವವರು ಯಾರು?

ಅಪ್ಪನ ಬರವಣಿಗೆ ನಿನಗೆ ಗೊತ್ತು. ಕಿವಿ ಮಂದವಾದ ಮೇಲೆ ಅವನು ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟ, ಎಲ್ಲ ಬೆರಳಲ್ಲೇ. ಬಾಯಿಗೆ ಬಂದಂತೆಯೇ ಬರೆಯುತ್ತಾನೆ, ಚುಕ್ಕೆಯಿಲ್ಲ, ಗೆರೆಯಿಲ್ಲ. ‘ಯವ್ವಾ ಶೈಲಾ ಉಂಡೀಯೇನು ತೊಗರಿ ಹೂ ಬಿಟ್ಟದ ನೋಡಾಕ ಎಷ್ಟ ಛಂದ ಅದ ಒಂದಿನ ಬಂದು ಹೋಗು’. ನಾನು ಸುದ್ದಿ ವೆಬ್‌ಸೈಟಿನಲ್ಲಿ ಮಂದಿಯ ಬರಹ ತಿದ್ದುವವಳಲ್ಲವೇ, ಒಮ್ಮೆ ತಡೆಯಲಾರದೆ ‘ಅಪ್ಪಾ, ಒಂದು ಚುಕ್ಕಿಯರೇ ಇಡು’ ಅಂತ ಬರೆದಿದ್ದೆ. ‘ನಾ ಮಾತಾಡಾಗ ಎಲ್ಲಿ ಚುಕ್ಕಿ ಇಡ್ತೇನಿ ನೀ ನಿನ್ನ ಆಫೀಸಿನ ಮಂದೀನ ತಿದ್ದು’ ಅಂತ ಉತ್ತರ ಬಂತು. ಆಮೇಲೆ ನಾನು ಆ ಸುದ್ದಿಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಇಡೀ ದಿನ ‘ಬೆಚ್ಚಿಬಿದ್ದ ಜನತೆ’, ‘ಭೀಕರ ಅಪಘಾತ’ ಅಂತ ಓದಿ ಓದಿ ತಲೆ ಕೆಟ್ಟಾಗ ಅಪ್ಪನ ಸಂದೇಶ ನೋಡಿದರೆ ಬಾಯಿಗೆ ಮಜ್ಜಿಗೆ ಬಿದ್ದಂತಾಗುತ್ತಿತ್ತು.

ಈಗ ಹೋದ ವಾರ ಬಂದದ್ದನ್ನು ಓದು. ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ.

‘ತಮ್ಮ ಅವಗಾಹನೆಗೆ ತರುವುದೇನೆಂದರೆ, ಸದರಿ ಜಮೀನಿನಲ್ಲಿ ತಮಗಿರುವ ಹಕ್ಕನ್ನು ತಮ್ಮ ಸಹೋದರನ ಹೆಸರಿಗೆ ಬಿಟ್ಟುಕೊಡುವ ಕುರಿತು ತಾವು ಜೇವರ್ಗಿಯ ನೋಂದಣಿ ಕಚೇರಿಗೆ ಹಾಜರಾಗಿ ಸಹಿ ಮಾಡತಕ್ಕದ್ದು. ಇಂತಿ, ದೌಲತರಾಯ.’

ತಾವು! ನಮ್ಮಪ್ಪ ನನಗೆ ತಾವು ಅಂದ, ಕೇಳಿದೆಯಾ? ಹುಟ್ಟಿದಾಗಿನಿಂದ ‘ಯವ್ವಾ’ ಬಿಟ್ಟು ಬೇರೆ ಕರೆದವನಲ್ಲ. ನನಗೆ ಮೊದಲು ನಗು ಬಂತು, ಆಮೇಲೆ ಅಪ್ಪನ ನಂಬರೇ ಹೌದೋ ಅಲ್ಲವೋ ಅಂತ ಇನ್ನೊಮ್ಮೆ ನೋಡಿದೆ.

ಅವ್ವನ ವರ್ಷದ ಪೂಜೆಯ ದಿನ ಆದದ್ದು ನಿನಗೆ ಗೊತ್ತು. ಊಟದ ಎಲೆ ಎತ್ತುವ ಮೊದಲೇ ಅಣ್ಣ ‘ಹಕ್ಕು ಬಿಡುಗಡೆಗೆ ಎಂದ ಸಹಿ ಮಾಡ್ತಿ?’ ಅಂದ. ನಾನು ‘ಯಾಕ ಮಾಡ್ಬೇಕು?’ ಅಂದೆ. ‘ಸಹಿ ಮಾಡು, ಸೀರಿ ಉಟ್ಕೊಂಡು ತವರಮನಿಗಿ ಬಾ. ಇಲ್ಲಂದ್ರ ಬರಬ್ಯಾಡ’ ಅಂದ. ಅಪ್ಪನಿಗೆ ಏನು ಕೇಳಿಸಿತೋ ಏನು ಬಿಟ್ಟಿತೋ, ಎಲೆ ನೋಡುತ್ತ ಕುಳಿತಿದ್ದ. ಅಂದಿನಿಂದ ನಾನು ಇಜೇರಿಗೆ ಕಾಲಿಟ್ಟಿಲ್ಲ.

ಹೊಲದ ಆಸೆ ನನಗೆ ಇಲ್ಲ ಅಂತ ದೊಡ್ಡ ಮಾತಾಡುವುದಿಲ್ಲ, ಇದೆ. ಅಜ್ಜನ ಕಾಲದಿಂದ ಬಂದ ಆ ಹೊಲದಲ್ಲಿ ನಾನೂ ನೀನೂ ಹತ್ತಿ ಬಿಡಿಸಿ ಕೈ ಗೀರಿಸಿಕೊಂಡಿದ್ದೇವೆ. ಪಹಣಿಯಲ್ಲಿ ಅಣ್ಣನ ಹೆಸರಿನ ಕೆಳಗೆ ನನ್ನದೂ ಇದ್ದರೆ ಯಾರ ಗಂಟು ಹೋಗುತ್ತದೆ? ಆದರೆ ಇಷ್ಟು ಮಾತ್ರ ಖರೆ. ಅಪ್ಪ ತಾನಾಗಿ ಕೇಳಿದರೆ ಸಹಿ ಮಾಡುತ್ತೇನೆ, ಮರು ಮಾತಾಡುವುದಿಲ್ಲ. ಅಣ್ಣ ಅಪ್ಪನ ಹೆಸರು ಹಾಕಿಕೊಂಡು ಕೇಳಿದರೆ ಈ ಜನ್ಮದಲ್ಲಿ ಮಾಡುವುದಿಲ್ಲ. ಆ ಫೋನು ಯಾರ ಕೈಯಲ್ಲಿದೆ ನೋಡಿ ಬರೆ.

ನಿನ್ನನ್ನೇ ನಂಬಿದವಳು,
ಶೈಲಶ್ರೀ


ಇಜೇರಿ
8 ನವೆಂಬರ್ 2025

ಶೈಲಾ ಮೇಡಂ ಅವರಿಗೆ,

ಮೇಡಂ ಅಂದದ್ದಕ್ಕೆ ಇದನ್ನೂ ಬೇರೆ ಯಾರೋ ಬರೆದಿದ್ದಾರೆ ಅಂತ ಅನುಮಾನ ಪಡಬೇಡ ಬೇ, ನಾನೇ ನಿನ್ನ ಜೀನತ. ಪತ್ರ ಮನೆಗೆ ಒಯ್ದೇ ಓದಿದೆ. ನಮ್ಮಮ್ಮಿ ‘ಕ್ಯಾ ಲಿಖೀ ಗೇ ಶೈಲಾ?’ ಅಂತ ಬೆನ್ನು ಬಿಡಲಿಲ್ಲ. ಅಡಿಗೆಯ ಸುದ್ದಿ ಬರೆದಿದ್ದಾಳೆ ಅಂತ ಸುಳ್ಳು ಹೇಳಿದೆ.

ನಿನ್ನ ಹಾಗೆ ನನಗೆ ಮಂದಿಯ ಮಾತಿನ ಮೇಲೆ ಅಷ್ಟು ಕಣ್ಣಿಲ್ಲ. ನನ್ನ ಅಂಗಡಿಗೆ ಬರುವವರದು ಒಬ್ಬೊಬ್ಬರದು ಒಂದೊಂದು ಹಟ. ಒಬ್ಬರು ಕಲಬುರಗಿ ಅಂತ ಟೈಪು ಮಾಡಿದರೆ ‘ಗುಲ್ಬರ್ಗಾ ಅಂತ ಮಾಡು, ನಮ್ಮಪ್ಪನ ಕಾಲದಿಂದ ಹಂಗೇ ಅದ’ ಅನ್ನುತ್ತಾರೆ. ಮುಮತಾಜಕ್ಕ ತನ್ನ ಹೆಸರಿಗೆ ಮೂರು ಕಾಗದದಲ್ಲಿ ಮೂರು ತರಹ ಬರೆಸಿಕೊಂಡು ಮೂರೂ ತನಗೆ ಸೇರುತ್ತವೆ ಅಂತಾಳೆ. ಬಾಯಿಂದ ‘ಸಾಹೇಬ್ರ ನಮ್ಮ ಓಣ್ಯಾಗ ನೀರ ಬರವಲ್ಲದು’ ಅಂದವರೂ ಅರ್ಜಿ ಅಂದ ಕೂಡಲೇ ‘ಸದರಿ, ಮೇಲ್ಕಾಣಿಸಿದ ಹಾಕವ್ವಾ, ಇಲ್ಲಂದ್ರ ಅವರು ಓದಂಗಿಲ್ಲ’ ಅಂತಾರೆ. ಅದಕ್ಕೇ ಹೇಳುತ್ತೇನೆ, ದೌಲತಕಾಕಾ ಹಾಗೆ ಬರೆದಿದ್ದರೂ ಬರೆದಿರಬಹುದು. ಸೊಸೈಟಿಯ ಸೆಕ್ರೆಟರಿಯಾಗಿ ಅಷ್ಟು ವರ್ಷ ಠರಾವು ಬರೆದವರಲ್ಲವೇ ಅವರು?

ಆದರೆ ನೀನು ನೋಡು ಅಂದದ್ದನ್ನು ನೋಡಿದೆ. ಕಾಕಾನ ಫೋನು ಈಗ ಅವರ ಅಂಗಿಯ ಜೇಬಿನಲ್ಲಿ ಇರುವುದಿಲ್ಲ. ಹೋದ ಸೋಮವಾರ ಮಹೇಶಣ್ಣ ಅಂಗಡಿಗೆ ಬಂದಾಗ ಅವನ ಕೈಯಲ್ಲಿ ಎರಡು ಫೋನಿದ್ದವು. ಒಂದಕ್ಕೆ ಕಾಕಾ ಹಾಕಿಕೊಂಡಿದ್ದ ಹಳದಿ ಕವರು ಇತ್ತು. ‘ಕಾಕಾಂದೇನಣ್ಣಾ?’ ಅಂತ ಸಹಜ ಕೇಳಿದೆ. ‘ಹ್ಞೂಂ, ರೀಚಾರ್ಜ್ ಮಾಡ್ಸಬೇಕಿತ್ತು’ ಅಂದ, ಆದರೆ ರೀಚಾರ್ಜ್ ಮಾಡಿಸದೆ ಹೋದ. ಇದರ ಅರ್ಥ ನೀನೇ ಮಾಡಿಕೋ, ನನಗೆ ಮಾಡಲು ಹೇಳಬೇಡ.

ಕಾಕಾ ಆರಾಮ ಇದ್ದಾರೆ. ಮನೆಗೆ ಹೋಗಲು ಏನಾದರೂ ನೆವ ಹುಡುಕುತ್ತೇನೆ. ಒಂದು ಮಾತು, ಮಹೇಶಣ್ಣ ನಿನ್ನ ಬಗ್ಗೆ ಕೆಟ್ಟದ್ದು ಮಾತಾಡಿದ್ದನ್ನು ನಾನು ಕೇಳಿಲ್ಲ. ಬೋರು ಕೊರೆಸಲು ಸಾಲ ಬೇಕು, ಬ್ಯಾಂಕಿನವರು ಪಹಣಿಯಲ್ಲಿ ಒಂದೇ ಹೆಸರು ಇರಲಿ ಅಂತಾರೆ ಅಂತ ಎಲ್ಲರ ಮುಂದೆ ಹೇಳುತ್ತಾನೆ. ಖರೆಯೋ ಸುಳ್ಳೋ ಅವನಿಗೇ ಗೊತ್ತು.

ನಿನ್ನ ಗುಪ್ತಚರ ಇಲಾಖೆ,
ಜೀನತ


ಅಫಜಲಪುರ
15 ನವೆಂಬರ್ 2025

ಜೀನತ,

ಹಳದಿ ಕವರಿನ ಸುದ್ದಿ ಇರುವ ನಿನ್ನ ಪತ್ರವನ್ನು ಮತ್ತೆ ಮತ್ತೆ ತೆಗೆದು ಓದುತ್ತಿದ್ದೇನೆ. ನನ್ನ ಅನುಮಾನ ಸುಳ್ಳಾಗಲಿ ಅಂತ ಬೇಡಿಕೊಳ್ಳುತ್ತಿದ್ದೆನೋ ನಿಜವಾಗಲಿ ಅಂತಲೋ, ನನಗೇ ತಿಳಿಯುತ್ತಿಲ್ಲ.

ಅಪ್ಪ ಸೊಸೈಟಿಯಲ್ಲಿ ಬರೆದದ್ದು ನನಗೆ ಮರೆತಿಲ್ಲ. ಆದರೆ ಅವನು ಅದನ್ನು ಎಷ್ಟು ನಗೆಯಾಡುತ್ತಿದ್ದ ಅನ್ನುವುದು ನಿನಗೆ ಗೊತ್ತಿಲ್ಲ. ‘ಸದರಿ ಸಾರಿನ್ಯಾಗ ಉಪ್ಪು ಇಲ್ಲದಿರುವುದು ಕಂಡುಬಂದಿರುತ್ತದೆ’ ಅಂತ ಅವ್ವನನ್ನು ಕಾಡುತ್ತಿದ್ದ. ಆ ಭಾಷೆ ಆಫೀಸಿಗೆ ಸಾಕು, ಮನೆಯ ಹೊಸ್ತಿಲ ಒಳಗೆ ತರುವುದಿಲ್ಲ ಅನ್ನುತ್ತಿದ್ದ. ಅಂಥವನು ಮಗಳ ಪಾಲು ಕೇಳಲು ಅದನ್ನೇ ತರುತ್ತಾನೆಯೇ?

ಅಣ್ಣ ತಾನೇ ಕುಳಿತು ಬರೆದಿದ್ದಾನೆ ಅಂತ ನಾನು ಹೇಳುವುದಿಲ್ಲ, ಅವನಿಗೆ ಅಷ್ಟು ಕನ್ನಡ ಎಲ್ಲಿದೆ. ಅವನು ಕನ್ನಡವನ್ನೇ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಒತ್ತುವವನು. ಅವನ ಸಂದೇಶ ತೆರೆದರೆ ಎದುರು ನಿಂತು ಒದರಿದಂತೆಯೇ ಇರುತ್ತದೆ. ಜೇವರ್ಗಿಯಲ್ಲಿ ಯಾವನೋ ಬಾಂಡ್ ರೈಟರನ ಮುಂದೆ ಅಪ್ಪನ ಫೋನು ಇಟ್ಟು ಬರೆಸಿರಬೇಕು. ಅವರ ಬಾಯಲ್ಲಿ ಸದರಿ ಬಿಟ್ಟು ಬೇರೆ ಏನು ಬರುತ್ತದೆ?

ಪರೀಕ್ಷೆ ಮಾಡೋಣ ಅಂತ ಹೋದ ಮಂಗಳವಾರ ಅಪ್ಪನ ನಂಬರಿಗೆ ನೇರವಾಗಿ ಬರೆದೆ. ‘ನೀ ಯಾರು? ನಮ್ಮಪ್ಪನ ಫೋನು ನಮ್ಮಪ್ಪನ ಕೈಯಾಗ ಕೊಡು’ ಅಂತ. ಬಂದ ಉತ್ತರ ಕೇಳು.

‘ನಾನು ದೌಲತರಾಯ. ಸದರಿ ವಿಷಯದಲ್ಲಿ ತಾವು ಯಾವುದೇ ಸಂಶಯ ಇಟ್ಟುಕೊಳ್ಳದೆ ಡಿಸೆಂಬರ್ 11ರಂದು ಹಾಜರಾಗತಕ್ಕದ್ದು.’

ಸಂಶಯ ಇಟ್ಟುಕೊಳ್ಳಬೇಡ ಅಂದರೆ ಸಂಶಯ ಹೋಗುತ್ತದೆಯೇ? ನಮ್ಮವರಿಗೆ ತೋರಿಸಿದೆ. ‘ನಿಮ್ಮಪ್ಪ ವಯಸ್ಸಾದವರು, ಹೇಗೋ ಬರೆದಿದ್ದಾರೆ. ನೀನು ಅವರಿವರ ಸುದ್ದಿ ತಿದ್ದಿ ತಿದ್ದಿ ಅಪ್ಪನನ್ನೂ ತಿದ್ದಲು ಹೊರಟಿದ್ದೀ’ ಅಂದರು. ಸಿಟ್ಟು ನೆತ್ತಿಗೇರಿತು. ಮಗಳು ಶಾಂಭವಿ ಒಬ್ಬಳೇ ನನ್ನ ಕಡೆ. ‘ಅಜ್ಜ ನನಗ ಈಗೂ ಹಂಗೇ ಬರೀತಾರಲ್ಲ ಮಮ್ಮಿ’ ಅಂತ ತನ್ನ ಫೋನು ತೋರಿಸಿದಳು. ‘ಪುಟ್ಟಿ ಪರೀಕ್ಷಾ ಹೆಂಗ ಬರದಿ ಛಳಿ ಭಾಳ ಅದ ಸ್ವೆಟರ್ ಹಾಕ್ಕೋ’. ಅದೇ ನಂಬರು, ಅದೇ ವಾರ. ಮೊಮ್ಮಗಳಿಗೆ ಬರೆಯುವವನು ಒಬ್ಬ, ಮಗಳಿಗೆ ಬರೆಯುವವನು ಇನ್ನೊಬ್ಬ. ಇನ್ನೇನು ಸಾಕ್ಷಿ ಬೇಕು?

ಬಸ್ಸು ಹತ್ತಿ ಬಂದು ಅಪ್ಪನನ್ನೇ ಕೇಳು ಅಂತ ನೀನು ಅನ್ನಬಹುದು. ಸಹಿ ಮಾಡದೆ ಬರಬೇಡ ಅಂದ ಮನೆಗೆ ಹೇಗೆ ಬರಲಿ? ಬಂದರೂ ಅಣ್ಣನ ಮುಂದೆ, ಓಣಿಗೆಲ್ಲ ಕೇಳುವಂತೆ ಒದರಿ ಕೇಳಬೇಕು. ಅದಾಗದು.

ಇನ್ನೊಂದು. ‘ಕಾಕಾ ಆರಾಮ ಇದ್ದಾರೆ’ ಅಂತ ಬರೆದೆಯಲ್ಲ, ನೀನು ನೋಡಿ ಬರೆದೆಯೋ ಯಾರೋ ಹೇಳಿದ್ದನ್ನು ಬರೆದೆಯೋ? ಮಹೇಶಣ್ಣ ಕೆಟ್ಟದ್ದು ಮಾತಾಡಿಲ್ಲ ಅಂತ ಬೇರೆ ಬರೆದಿದ್ದೀ. ನಾನು ಅದನ್ನು ಕೇಳಿರಲಿಲ್ಲ.

ಉತ್ತರಕ್ಕೆ ಕಾಯುತ್ತಿರುವ,
ಶೈಲಾ


ಇಜೇರಿ
26 ನವೆಂಬರ್ 2025

ಶೈಲಾ,

ನಿನ್ನ ಪತ್ರದ ಕೊನೆಯ ಸಾಲು ಓದಿ ಎರಡು ದಿನ ಪೆನ್ನು ಮುಟ್ಟಲಿಲ್ಲ. ಈಗ ನೋಡಿದ್ದನ್ನು ಬರೆಯುತ್ತೇನೆ, ನಂಬುವುದು ಬಿಡುವುದು ನಿನಗೆ ಸೇರಿದ್ದು.

ಭಾನುವಾರ ಅಮ್ಮಿ ಶೀರ್ ಖುರ್ಮಾ ಮಾಡಿದ್ದಳು, ಅದೇ ನೆವ ಮಾಡಿಕೊಂಡು ಡಬ್ಬಿ ಹಿಡಿದು ನಿಮ್ಮ ಮನೆಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಪಡಸಾಲೆಯಲ್ಲಿ ಕಾಕಾ ಕಂಬಕ್ಕೆ ಒರಗಿ ಕುಳಿತಿದ್ದರು. ಮಹೇಶಣ್ಣ ಬಾಜೂಕೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಫೋನು ಕಾಕಾನ ಕೈಯಲ್ಲಿತ್ತು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದೇ ಬೆರಳಿನಿಂದ ಒತ್ತುತ್ತಿದ್ದರು. ಮಹೇಶಣ್ಣ ಒಂದಕ್ಷರ ಹೇಳಿಕೊಡಲಿಲ್ಲ. ಫೋನು ಮುಟ್ಟಲಿಲ್ಲ. ರೊಟ್ಟಿ ಮುರಿಯುತ್ತ ನೋಡುತ್ತಿದ್ದ, ಅಷ್ಟೇ.

ಕಾಕಾ ನನ್ನನ್ನು ನೋಡಿ ‘ಬಾ ಜೀನತ, ಇಲ್ಲಿ ನೋಡು’ ಅಂತ ತಾವೇ ಕರೆದು ತೋರಿಸಿದರು. ಪರದೆಯ ಮೇಲೆ ನಿನ್ನ ಹೆಸರು. ಕೆಳಗೆ ‘ಈ ಮೂಲಕ ತಮಗೆ ಮತ್ತೊಮ್ಮೆ ತಿಳಿಯಪಡಿಸುವುದೇನೆಂದರೆ’ ಅಂತ ಇತ್ತು. ನಾನು ಕಿವಿಯ ಹತ್ತಿರ ಬಾಗಿ ‘ನೀವೇ ಬರ್ಯಾಕತ್ತೀರೇನ್ರಿ ಕಾಕಾ?’ ಅಂತ ಜೋರಾಗಿ ಕೇಳಿದೆ. ‘ಮತ್ಯಾರು ಬರೀತಾರ? ನಾನೇ. ಬರೋಬ್ಬರಿ ಅದ ಇಲ್ಲೋ ಹೇಳು. ಶೈಲಾಗ ಹೋಗೂದದ’ ಅಂತ ನಕ್ಕರು. ಮಹೇಶಣ್ಣನೂ ನಕ್ಕ. ‘ನಮ್ಮಪ್ಪನ ಕನ್ನಡ ನೋಡು, ವಕೀಲರಕಿಂತ ಪಕ್ಕಾ’ ಅಂದ.

ಇದು ನಾನು ಕಣ್ಣಾರೆ ನೋಡಿದ್ದು. ಬಾಂಡ್ ರೈಟರ್ ಇಲ್ಲ, ಯಾರೂ ಇಲ್ಲ. ಬರೆಯುವವರು ಕಾಕಾನೇ. ನಿನಗೆ ಇದು ಸೇರುವುದಿಲ್ಲ ಅಂತ ಗೊತ್ತು. ನನಗೂ ಬರೆಯಲು ಸಂಕಟವಾಗುತ್ತಿದೆ. ಆದರೆ ನೀನು ಕೇಳಿದ್ದು ನಿಜವನ್ನು.

ಜೀನತ


ಅಫಜಲಪುರ
1 ಡಿಸೆಂಬರ್ 2025

ಜೀನತ,

ಪತ್ರ ಬಂತು. ಅಂಗಡಿಯ ಜಾಗ ನಮ್ಮಣ್ಣನದು ಅನ್ನುವುದನ್ನು ನಾನು ಮೊದಲ ಪತ್ರದಲ್ಲೇ ಬರೆದಿದ್ದೆ, ಆಗಲೇ ತಿಳಿದುಕೊಳ್ಳಬೇಕಿತ್ತು. ಅವನು ಇನ್ನು ಮುಂದೆ ಬಾಡಿಗೆ ಹೆಚ್ಚು ಮಾಡಲಿಕ್ಕಿಲ್ಲ ಬಿಡು. ಶೀರ್ ಖುರ್ಮಾ ಎಲ್ಲರಿಗೂ ಸೇರಿತೇ?

ಇನ್ನು ನನಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಶೈಲಶ್ರೀ


ಅಫಜಲಪುರ
13 ಡಿಸೆಂಬರ್ 2025

ಜೀನತ,

ನೀನು ಈ ಲಕೋಟೆ ಒಡೆಯದೆ ಒಲೆಗೆ ಹಾಕಿದರೂ ತಪ್ಪಿಲ್ಲ. ಆದರೂ ಬರೆಯುತ್ತೇನೆ. ಹೋದ ಪತ್ರ ಹಾಕಿ ಬಂದ ಮರುದಿನವೇ ನನಗೆ ನಾಚಿಕೆಯಾಯಿತು. ಎಂಟನೇ ಇಯತ್ತೆಯಲ್ಲಿ ನನ್ನ ಬದಲು ಮಾಸ್ತರರ ಕೈಯಲ್ಲಿ ಹೊಡೆತ ತಿಂದವಳು ನೀನು, ನಿನಗೆ ಬಾಡಿಗೆಯ ಮಾತಾಡಿದೆ. ನನ್ನ ನಾಲಿಗೆಗೆ ಬರೆ ಹಾಕಬೇಕು. ನಿನ್ನ ಮೇಲೆ ಬಂದ ಸಿಟ್ಟಲ್ಲ ಅದು. ನೀನು ನೋಡಿದ್ದು ನಿಜ ಅಂತ ನನಗೆ ಓದುವಾಗಲೇ ಗೊತ್ತಾಗಿತ್ತು, ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ನಾನು ಸಹಿ ಮಾಡಿದೆ.

ಬರೆಯುವವನು ಅಪ್ಪನೇ ಅಂದ ಮೇಲೆ ಇನ್ನೇನು ಉಳಿಯಿತು? ಅಪ್ಪ ಕೇಳಿದರೆ ಕೊಡುತ್ತೇನೆ ಅಂದವಳು ನಾನೇ. ಭಾಷೆ ಹೇಗಾದರೂ ಇರಲಿ, ನಾಚಿಕೆಗೆ ಹಾಗೆ ಬರೆದಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ಗುರುವಾರ ಒಬ್ಬಳೇ ಜೇವರ್ಗಿಗೆ ಹೋದೆ. ಕಚೇರಿಯ ಮುಂದೆ ಅಣ್ಣ ವೈನಿ ಗಂಡಹೆಂಡತಿ ಇಬ್ಬರು, ಜೊತೆಗೆ ಅಪ್ಪ, ಮೂವರೂ ನಿಂತಿದ್ದರು. ನನ್ನನ್ನು ಕಂಡು ಅಣ್ಣನ ಮುಖ ಅರಳಿತು, ಚಹಾ ತರಿಸುತ್ತೇನೆ ಅಂದ. ನಾನು ಬರುತ್ತೇನೋ ಇಲ್ಲವೋ ಅಂತ ಅವನಿಗೂ ಅನುಮಾನವಿತ್ತಂತೆ.

ಅಪ್ಪ ಮಾತ್ರ ನನ್ನನ್ನು ನೋಡಿದವನೇ ಬೆಳ್ಳಗಾದ. ಹತ್ತಿರ ಬಂದು ಒಂದೇ ಮಾತು ಅಂದ. ‘ಯಾಕ ಬಂದಿ?’ ಅಂತ. ಅಷ್ಟು ಗಡುಸಾಗಿ ಅವನು ನನಗೆ ಎಂದೂ ಮಾತಾಡಿದವನಲ್ಲ. ಕರೆದವನೂ ಅವನೇ, ಬಂದರೆ ಯಾಕೆ ಬಂದೆ ಅನ್ನುವವನೂ ಅವನೇ. ‘ನೀ ಕರದಿ ಅಂತ ಬಂದೆ’ ಅಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಒದರಿ ಹೇಳಲು ನನಗೆ ಮನಸ್ಸಾಗಲಿಲ್ಲ, ಮುಖ ತಿರುಗಿಸಿ ಒಳಗೆ ಹೋದೆ. ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು, ಸಹಿ ಮಾಡಿಸಿಕೊಂಡರು. ಹೊರಗೆ ಬಂದಾಗ ವೈನಿ ಕಚೇರಿಯ ಮೆಟ್ಟಿಲ ಮೇಲೆಯೇ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಕುಬುಸದ ಕಣ, ಮೇಲೆ ಹಸಿರು ಸೀರೆ. ಓಡಾಡುವವರೆಲ್ಲ ನಿಂತು ನೋಡಿದರು. ‘ಎಳ್ಳಮಾಸಿಗಿ ಬಾರವ್ವಾ, ಹೊಲದಾಗ ಚರಗಾ ಚೆಲ್ಲಾಕ’ ಅಂದಳು. ಪಾಪ, ಅವಳ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಅಪ್ಪ ಅಷ್ಟು ದೂರ ಬೇವಿನ ಗಿಡದ ಕೆಳಗೆ ಹೋಗಿ ನಿಂತಿದ್ದ, ನಾನು ಬಸ್ಸು ಹತ್ತುವ ತನಕ ಈ ಕಡೆ ಬರಲಿಲ್ಲ.

ಬಸ್ಸಿನಲ್ಲಿ ಅತ್ತೆ. ಹೊಲ ಹೋಯಿತು ಅಂತಲ್ಲ. ಮಗಳ ಪಾಲು ಬಿಡಿಸಿಕೊಳ್ಳಲು ಅಪ್ಪನೇ ಕುಳಿತು ಅಕ್ಷರ ಅಕ್ಷರ ಒತ್ತಿದನಲ್ಲ ಅಂತ. ಎಳ್ಳು ಅಮಾವಾಸ್ಯೆಗೆ ನಾನು ಬರುವುದಿಲ್ಲ. ಈ ಪತ್ರವನ್ನು ಅವನಿಗೆ ಬೇಕಾದರೆ ತೋರಿಸು, ಇನ್ನು ಮುಚ್ಚಿಡುವುದು ಏನಿದೆ.

ಕ್ಷಮಿಸುವುದಾದರೆ ಕ್ಷಮಿಸು,
ಶೈಲಾ


ಇಜೇರಿ
20 ಡಿಸೆಂಬರ್ 2025

ಯವ್ವಾ ಶೈಲಾ,

ಜೀನತನ ಮನ್ಯಾಗ ಕುಂತು ಬರ್ಯಾಕತ್ತೇನಿ. ಚುಕ್ಕಿ ಎಲ್ಲ ಅಕಿ ಇಟ್ಟಾಳ, ಮಾತೆಲ್ಲ ನಂದು. ನಿನ್ನೆ ಎಳ್ಳಮಾಸಿ ಆತು. ಚರಗಾ ಚೆಲ್ಲಿ ಬಂದ ಮ್ಯಾಲ ಜೀನತ ನನಗ ಕರದು ನಿನ್ನ ಪತ್ರ ಕೈಯಾಗ ಕೊಟ್ಟಳು. ಓದಿದೆ. ಎರಡು ಸಲ ಓದಿದೆ.

ಏನ ಮಾಡಿದಿ ಯವ್ವಾ?

ನಿಮ್ಮಣ್ಣ ಫೋನ ತನ್ನ ಕಡೀನೇ ಇಟ್ಕೊತಿದ್ದ. ಊಟಕ್ಕ ಕುಂತಾಗ ನನ್ನ ಕೈಯಾಗ ಕೊಟ್ಟು ‘ಅಕಿಗೆ ಬರಿ, ಸಹಿ ಮಾಡು ಅಂತ ಬರಿ, ನೀ ಬರದ್ರ ಕೇಳ್ತಾಳ’ ಅಂತಿದ್ದ. ಬರಿಯೂತನಾ ಬಾಜೂಕೇ ಕುಂಡ್ರತಿದ್ದ. ಬರದದ್ದು ಓದಿ ನೋಡಿ ತಾನೇ ಕಳಸ್ತಿದ್ದ. ಬರಿಯಂಗಿಲ್ಲ ಅಂತ ಒಂದಿನ ಫೋನ ಒಗದೆ. ‘ಹಂಗಾರ ಅಕಿ ಮನ್ಯಾಗೇ ಹೋಗಿ ಇರು’ ಅಂದ. ಅಂದಿನ ರೊಟ್ಟಿ ಹಂಗೇ ಉಳೀತು. ಅಳಿಯನ ಮನ್ಯಾಗ ಹೋಗಿ ನಾ ಹೆಂಗ ಬಿದ್ದಿರಲಿ. ಶಾಂಭವಿಗಿ ಬರಿಯಾಕ ಅಂವ ಏನೂ ಅಂತಿರಲಿಲ್ಲ, ಅದಕ್ಕ ಅಕಿಗೆ ನನ್ನ ಮಾತಿನ್ಯಾಗೇ ಬರದೆ.

ನಿನಗ ಮಾತ್ರ ನನ್ನ ಮಾತಿನ್ಯಾಗ ಬರೀಲಿಲ್ಲ. ಯವ್ವಾ ಶೈಲಾ ಸಹಿ ಮಾಡಿ ಬಿಡು ಅಂತ ಬರದ್ರ ನೀ ಮರದಿನಾನೇ ಬಂದು ಮಾಡ್ತಿದ್ದಿ, ನನಗ ಗೊತ್ತದ. ಅದಕ್ಕ ಸೊಸೈಟಿ ಭಾಷಾ ತಗದೆ. ತಾವು ಅಂದೆ. ಸದರಿ ಅಂದೆ. ಅವಗಾಹನೆ ಅಂದೆ. ಆ ಶಬ್ದ ಬರಿಯೂವಾಗ ನನಗೇ ನಗು ಬರ್ತಿತ್ತು. ಮಹೇಶ ಭಾಳ ಖುಶಿ ಆದ, ಹಿಂಗ ಪಕ್ಕಾ ಬರೀಬೇಕು ಅಂದ. ನಾ ಮನಸಿನ್ಯಾಗ ಅಂದೆ, ಮಂದಿ ಬರದದ್ದು ತಿದ್ದಾಕಿ ನನ್ನ ಮಗಳು, ಇದನ್ನ ಓದಿ ಒಂದಕ್ಷರ ನಂಬಂಗಿಲ್ಲ. ಇದು ನಮ್ಮಪ್ಪನ ಮನಸಿನ ಮಾತಲ್ಲ ಅಂತ ಗುರ್ತ ಹಿಡೀತಾಳ. ಸಂಶಯ ಪಡ್ತಾಳ. ಸಂಶಯ ಇದ್ದಾಕಿ ಸಹಿ ಮಾಡಂಗಿಲ್ಲ.

ನೀ ಗುರ್ತ ಹಿಡದಿದ್ದಿ. ‘ನೀ ಯಾರು’ ಅಂತ ಕೇಳಿದಿ ನೋಡು, ಅಂದ ನಾ ಒಂದ ರೊಟ್ಟಿ ಹೆಚ್ಚಿಗಿ ಉಂಡೆ. ಸಂಶಯ ಬ್ಯಾಡ ಅಂತ ಮತ್ತ ಬರದೆ, ಸಂಶಯ ಇನ್ನೂ ಹೆಚ್ಚಾಗ್ಲಿ ಅಂತ. ಜೀನತ ಬಂದಾಗ ಅಕಿಗೂ ತೋರಿಸ್ದೆ. ಬಾಜೂಕ ಮಹೇಶ ಕುಂತಿದ್ದ, ನಾನೇ ಬರ್ಯಾಕತ್ತೇನಿ ಅನ್ನದ ಏನನ್ಲಿ. ಅಕಿ ನಿನಗ ಪತ್ರ ಬರೀತಾಳ ಅಂತ ನನಗೇನ ಗೊತ್ತು.

ಕಚೇರಿ ಮುಂದ ನಿನ್ನ ನೋಡಿ ದೌಡ ನಿನ್ನ ಕಡಿ ಬಂದೆ. ಯಾಕ ಬಂದಿ ಅಂದೆ. ಬರಬ್ಯಾಡ ಅಂತ ಅಲ್ಲೇನು ನಾ ಇಷ್ಟ ದಿನಾ ಬರದದ್ದು? ನೀ ಏನೋ ಅಂದಿ, ನನಗ ಕೇಳಲಿಲ್ಲ. ನಿನ್ನ ಮಾರಿ ನೋಡಿದ್ರ ಸಿಟ್ಟಿಲೆ ಇದ್ದಿ. ಅಣ್ಣನ ಮುಂದ ಸೋಲಬಾರದಂತ ತಾನೇ ಬಿಟ್ಟುಕೊಡಾಕ ಬಂದಾಳೇನೋ ಅಂದುಕೊಂಡೆ. ಅಷ್ಟ ಮಂದ್ಯಾಗ ನಿನ್ನ ಕೈ ಹಿಡದು ಜಗ್ಗಾಕ ನನಗ ಧೈರ್ಯ ಆಗಲಿಲ್ಲ. ಗಿಡದ ಬುಡಕ ಹೋಗಿ ನಿಂತೆ. ಇಷ್ಟ ವಯಸ್ಸಾದ್ರೂ ಮಗನ ಅಂಜಿಕಿ ನೋಡು ನನಗ.

ನಿನಗ ಬೈಬೇಕೋ ನನಗ ನಾ ಬೈಕೋಬೇಕೋ ತಿಳೀವಲ್ದು. ಒಂದ ಹೇಳ್ತೇನಿ. ನಾ ಕೇಳಿರಲಿಲ್ಲ ಯವ್ವಾ. ಒಂದಿನಾನೂ ಕೇಳಿರಲಿಲ್ಲ.

ನಿಮ್ಮಪ್ಪ
ದೌಲತರಾಯ


ಅಫಜಲಪುರ
27 ಡಿಸೆಂಬರ್ 2025

ಅಪ್ಪಾ,

ನಿನ್ನ ಪತ್ರ ಬಂದು ನಾಕು ದಿನ ಆತು. ಶಾಂಭವಿ ಓದಿ ಹೇಳು ಅಂದಳು, ನನಗ ಓದಾಕ ಆಗಲಿಲ್ಲ. ಅಕೀನೇ ಓದಿದಳು. ‘ಅಜ್ಜ ಎಷ್ಟ ಶಾಣ್ಯಾ ಮಮ್ಮಿ’ ಅಂದಳು. ನಾ ಒಳಗ ಹೋಗಿ ಬಾಗಲ ಹಾಕ್ಕೊಂಡೆ.

ನಿನ್ನೆ ವಕೀಲರ ಕಡಿ ಹೋಗಿದ್ದೆ. ಯಾರೂ ಕೈ ಹಿಡದು ಮಾಡ್ಸಿಲ್ಲ, ನೀವಾಗೇ ಬಂದು ಮಾಡೀರಿ, ಇನ್ನ ಆಗಂಗಿಲ್ಲ ಅಂದ್ರು. ಹೊಲ ಅಣ್ಣಂದಾತು. ಬೋರು ಕೊರಸ್ಲಿ, ನೀರು ಬರ್ಲಿ. ಆದರ ನಾ ಅಂವಗ ಮಾಫ ಮಾಡಂಗಿಲ್ಲ. ಹೊಲಕ್ಕಲ್ಲ, ನಿನ್ನ ರೊಟ್ಟಿ ಮುಂದ ಫೋನ ಇಟ್ಟಿದ್ದಕ್ಕ.

ನಿನಗೂ ಒಂದ ಮಾತು ಅಂತೇನಿ, ಸಿಟ್ಟ ಮಾಡ್ಕೋಬ್ಯಾಡ. ನಾ ನಿನ್ನ ಸಂದೇಶ ಒಂದ ಸಲ ಓದಿ ಬಿಟ್ಟಿಲ್ಲ. ಬಾಂಡ್ ರೈಟರ್ ಬರದಾನ, ಅಣ್ಣ ಬರಸ್ಯಾನ, ಅಪ್ಪಗ ಆರಾಮಿಲ್ಲ, ಅಪ್ಪ ಮರತಾನ, ಏನೆಲ್ಲಾ ಅಂದುಕೊಂಡೆ. ಅಪ್ಪ ನನ್ನ ಉಳಸಾಕ ಹಿಂಗ ಬರ್ಯಾಕತ್ತಾನ ಅಂತ ಒಂದ ಸಲಾನೂ ತಲ್ಯಾಗ ಬರಲಿಲ್ಲ. ಸಂಶಯ ಪಡೂದನ್ನ ಎಲ್ಲಾ ಪಟ್ಟೆ, ಅದೊಂದು ಬಿಟ್ಟು. ನೀ ನನ್ನ ಶಾಣ್ಯಾಕಿ ಅಂತ ತಿಳದಿ. ನಾ ಶಾಣ್ಯಾಕಿ ಅಲ್ಲಪ್ಪಾ. ಬರಿಯಾಂವ ನೀನೇ ಅಂತ ಗೊತ್ತಾದ ಮ್ಯಾಲ ನನ್ನ ಸಂಶಯ ಎಲ್ಲಾ ಅಲ್ಲೇ ಕೈ ಬಿಟ್ಟೆ. ನೀ ಕೇಳಿದ್ದು ಅಂತ ಕೊಟ್ಟೆ.

ಸಂಕ್ರಾಂತಿಗೆ ಊರಿಗಿ ಬರ್ತೇನಿ. ಸಹಿ ಮಾಡಿದಾಕಿ, ಯಾರೂ ಬ್ಯಾಡ ಅನ್ನಂಗಿಲ್ಲ. ಬಂದು ನಿನ್ನ ಬಾಜೂಕ ಕುಂಡ್ರತೇನಿ. ಅಣ್ಣ ಎದುರಿಗಿ ಇದ್ರೂ ಇರಲಿ. ಅವನ ಮುಂದ ಒಂದ ಸಲ ಬಾಯಿ ಬಿಟ್ಟು ‘ಮಗಳ ಪಾಲು ನಾ ಕೇಳಿರಲಿಲ್ಲ’ ಅಂತ ಹೇಳು. ಹೊಲ ತಿರುಗಿ ಬರಂಗಿಲ್ಲ, ನನಗ ಗೊತ್ತದ. ಆದರೂ ಹೇಳು. ಅಷ್ಟ ಸಾಕು ನನಗ.

ನಿನ್ನ
ಶೈಲಾ